ಫ್ಯೂಸ್ ಕೀಳಲು ನೋಟಿಸ್ ಬೇಕು, ಅಂಗಡಿ ಮುಚ್ಚಿಸಲು ಬೇಡವೇ?

ಇಳಕಲ್ ಸೀರೆ ಮಾರುವ ಹೆಣ್ಣುಮಗಳೊಬ್ಬರು ಕಳೆದ ವರ್ಷ ನನ್ನ ಆಫೀಸಿಗೆ ಬಂದರು. ದೊಡ್ಡದೊಂದು ಆನ್‌ಲೈನ್ ಮಾರಾಟ ತಾಣದಲ್ಲಿ ಅವರ ಖಾತೆ ರಾತ್ರೋರಾತ್ರಿ ಬಂದ್ ಆಗಿತ್ತು. ಬಂದದ್ದು ಒಂದೇ ಇಮೇಲ್: ‘ನಿಯಮ ಉಲ್ಲಂಘನೆ’. ಯಾವ ನಿಯಮ, ಯಾವ ಸೀರೆ, ಏನೂ ಇಲ್ಲ. ಆಗಲೇ ಮಾರಿದ ಸೀರೆಗಳ ಹಣವನ್ನೂ ತಡೆಹಿಡಿದಿದ್ದರು. ನೇಕಾರರಿಗೆ ಕೂಲಿ ಕೊಡಬೇಕಾದ ವಾರ ಅದು.

ನಾನು ವಕೀಲ, ಕರೆಂಟ್ ಸಂಪರ್ಕದ ತಕರಾರುಗಳನ್ನೇ ಜಾಸ್ತಿ ನೋಡಿದವನು. ಅವರ ಮಾತು ಕೇಳುತ್ತಿದ್ದಂತೆ ನೆನಪಾದದ್ದು 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ. ನೀವು ಬಿಲ್ ಕಟ್ಟದಿದ್ದರೂ ಕಂಪನಿಯವರು ಸುಮ್ನೆ ಬಂದು ಫ್ಯೂಸ್ ಕೀಳುವಂತಿಲ್ಲ. ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲೇ ತಪ್ಪು ಅನ್ನುತ್ತೀರಾ? ಕೇಳಿದ ಮೊತ್ತ, ಇಲ್ಲವೇ ಹಿಂದಿನ ಆರು ತಿಂಗಳ ಸರಾಸರಿ ಲೆಕ್ಕದ ಹಣ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ತಕರಾರು ಮುಗಿಯುವ ತನಕ ದೀಪ ಉರಿಯುತ್ತದೆ. ಇನ್ನು 43ನೇ ಕಲಂ ಪ್ರಕಾರ, ಅರ್ಜಿ ಹಾಕಿದವರಿಗೆ ಸಂಪರ್ಕ ಕೊಡಲೇಬೇಕು. ಮುಖ ನೋಡಿ ಮಣೆ ಹಾಕುವ ಹಾಗಿಲ್ಲ.

ದೊಡ್ಡ ಇಂಟರ್ನೆಟ್ ವೇದಿಕೆಗಳನ್ನೂ ನೀರು, ಕರೆಂಟಿನ ಹಾಗೆ ನಿಯಂತ್ರಿಸಬೇಕೇ ಎಂದಾಗ ಮಾತು ಬೇಗ ದರದ ಕಡೆ ಹೋಗುತ್ತದೆ. ಕಮಿಷನ್ ಎಷ್ಟೆಂದು ಸರ್ಕಾರ ನಿಗದಿ ಮಾಡಬೇಕಾ? ನನಗೆ ಅದು ಸರಿ ಕಾಣುವುದಿಲ್ಲ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ನೋಡಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ದರ ಕಟ್ಟುತ್ತದೆ. ದಿನಕ್ಕೊಂದು ರೂಪ ತಾಳುವ ಆ್ಯಪ್‌ಗೆ ಆ ಲೆಕ್ಕ ಹೊಂದುವುದಿಲ್ಲ. ದರದ ಮಾತು ಬಿಡಿ, ನೋಟಿಸಿನ ನಿಯಮವನ್ನಷ್ಟೇ ತನ್ನಿ.

‘ಬೇರೆ ತಾಣದಲ್ಲಿ ಮಾರಲಿ’ ಎನ್ನುವವರಿದ್ದಾರೆ. ಮಾರಬಹುದು. ಆದರೆ ವರ್ಷಗಟ್ಟಲೆ ಗಳಿಸಿದ ಸ್ಟಾರ್‌ಗಳು, ಗಿರಾಕಿಗಳು ಬರೆದ ಒಳ್ಳೆಯ ಮಾತುಗಳು ಜೊತೆಗೆ ಬರುವುದಿಲ್ಲ, ಅಲ್ವಾ?

ನಕಲಿ ಮಾಲು ಮಾರುವವರಿಗೂ 15 ದಿನ ಕೊಡಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೂ ವಿದ್ಯುತ್ ಕಾಯ್ದೆಯಲ್ಲೇ ದಾರಿಯಿದೆ. ಕರೆಂಟ್ ಕಳವು ಸಿಕ್ಕಿಬಿದ್ದರೆ 135ನೇ ಕಲಂ ಪ್ರಕಾರ ನಿಂತ ಕಾಲಲ್ಲೇ ಸಂಪರ್ಕ ಕಡಿಯಬಹುದು. ಆದರೆ 24 ಗಂಟೆಯೊಳಗೆ ಪೊಲೀಸರಿಗೆ ಲಿಖಿತ ದೂರು ಕೊಡಬೇಕು. ಮೊದಲು ಕಡಿದವರೂ ಯಾಕೆ ಕಡಿದೆವೆಂದು ಮೂರನೆಯವರ ಮುಂದೆ ಹೇಳಲೇಬೇಕು.

ಯುರೋಪಿನ ಒಕ್ಕೂಟದಲ್ಲಿ 2020ರ ಜುಲೈನಿಂದ ಇಂಥ ನಿಯಮವಿದೆ. ವ್ಯಾಪಾರಿಯ ಖಾತೆ ಪೂರ್ತಿ ಮುಚ್ಚುವುದಾದರೆ ಸಾಮಾನ್ಯವಾಗಿ 30 ದಿನ ಮೊದಲೇ ಕಾರಣ ತಿಳಿಸಬೇಕು. ಅಷ್ಟು ದೂರ ಯಾಕೆ, ನಮ್ಮ ಕರ್ನಾಟಕದ 2025ರ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆಯೇ ಕೆಲಸದಿಂದ ತೆಗೆಯಲು ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಕೇಳುತ್ತದೆ. ಸೀರೆಯನ್ನು ಮನೆ ಮುಟ್ಟಿಸುವ ಹುಡುಗನಿಗೆ ಸಿಕ್ಕ ಈ ಆಸರೆ ನನ್ನ ಕಕ್ಷಿದಾರರಿಗೆ ಇನ್ನೂ ಸಿಕ್ಕಿಲ್ಲ.

ನಾನು ಮೂರನೇ ಪತ್ರ ಬರೆದ ಮೇಲೆ ಅವರ ಖಾತೆ ತೆರೆಯಿತು. ಯಾವ ನಿಯಮ ಮುರಿದಿದ್ದರೆಂದು ಆಗಲೂ ಹೇಳಲಿಲ್ಲ. ಅಷ್ಟರಲ್ಲಿ ದಸರಾ ಕಳೆದು ದೀಪಾವಳಿಯೂ ಮುಗಿದಿತ್ತು.