ಹಲ್ಲು, ಹುರುಪೆ, ಕಿವಿಗಲ್ಲು: ಅಳಿದ ಮೀನಿಗೆ ಹೆಸರು ಎಲ್ಲಿಯವರೆಗೆ?

ಪಳೆಯುಳಿಕೆ ಮೀನುಗಳಲ್ಲಿ ಇಡೀ ಅಸ್ಥಿಪಂಜರ ಸಿಗುವುದು ಅಪರೂಪ. ಹೆಚ್ಚಿನ ಶಿಲಾಪದರಗಳಲ್ಲಿ ಸಿಗುವುದು ಬಿಡಿ ಹಲ್ಲು, ಹುರುಪೆ, ಕಶೇರುಮಣಿ, ಈಜುರೆಕ್ಕೆಯ ಮುಳ್ಳು, ಕಿವಿಗಲ್ಲು (ಒಳಗಿವಿಯಲ್ಲಿ ಬೆಳೆಯುವ ಸಣ್ಣ ಕಲ್ಲು). ಇವು ಒಂದೊಂದೂ ಮೀನಿನ ಗುರುತನ್ನು ಒಂದು ಮಟ್ಟದವರೆಗೆ ಮಾತ್ರ ಹೇಳಬಲ್ಲವು. ಒಳ್ಳೆಯ ಕಿವಿಗಲ್ಲು ಪ್ರಭೇದದವರೆಗೂ ಕೊಂಡೊಯ್ಯಬಹುದು. ಬಿಡಿ ಹುರುಪೆ ಬಹಳ ಸಲ ಗಣದ, ಅಂದರೆ ಹಲವು ಕುಟುಂಬಗಳ ದೊಡ್ಡ ಗುಂಪಿನ, ಹತ್ತಿರವೇ ನಿಂತುಬಿಡುತ್ತದೆ. ಆ ಮಟ್ಟ ಮೀರಿ ಇಟ್ಟ ಹೆಸರನ್ನು ಆಮೇಲೆ ಕಿತ್ತುಹಾಕುವುದು ಬಹಳ ಕಷ್ಟ.

ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿಜ್ 1833ರಿಂದ 1843ರ ನಡುವೆ ಪಳೆಯುಳಿಕೆ ಮೀನುಗಳನ್ನು ವ್ಯವಸ್ಥಿತವಾಗಿ ವಿವರಿಸಿದಾಗ ಹುರುಪೆಯನ್ನೇ ಆಧಾರ ಮಾಡಿಕೊಂಡು ನಾಲ್ಕು ಗಣ ಮಾಡಿದರು: ಪ್ಲಾಕಾಯ್ಡ್ (ಶಾರ್ಕ್‌ನಂಥ ಹಲ್ಲಿನಾಕಾರದ ಹುರುಪೆ), ಗ್ಯಾನಾಯ್ಡ್ (ಹೊಳೆಯುವ ದಪ್ಪ ಹುರುಪೆ), ಸೈಕ್ಲಾಯ್ಡ್ (ನಯವಾದ ಅಂಚಿನದು), ಟೀನಾಯ್ಡ್ (ಬಾಚಣಿಗೆಯಂಥ ಅಂಚಿನದು). ಕಲ್ಲಿನಲ್ಲಿ ಚೆನ್ನಾಗಿ ಉಳಿಯುವ ಭಾಗವನ್ನೇ ಹಿಡಿದದ್ದು ಬುದ್ಧಿವಂತಿಕೆಯ ಆಯ್ಕೆ. ಆದರೆ ಆ ಗಣಗಳು ನಿಲ್ಲಲಿಲ್ಲ. ಹೊಳೆಯುವ ದಪ್ಪ ಗ್ಯಾನಾಯ್ಡ್ ಹುರುಪೆ ಕಿರಣರೆಕ್ಕೆಯ ಮೀನುಗಳ ಹಳೆಯ ಪೂರ್ವಜರಲ್ಲೇ ಇತ್ತು. ಇಂದಿನ ಗಾರ್ ಮತ್ತು ಬಿಚಿರ್ ಮೀನುಗಳು ಅದನ್ನು ಉಳಿಸಿಕೊಂಡಿವೆ, ಅಷ್ಟೇ. ಅದರಿಂದ ಅವೆರಡೂ ಹತ್ತಿರದ ನಂಟರಾಗುವುದಿಲ್ಲ. ಟೀನಾಯ್ಡ್ ಮತ್ತು ಸೈಕ್ಲಾಯ್ಡ್ ಹುರುಪೆಗಳಂತೂ ಕೆಲವು ಚಪ್ಪಟೆ ಮೀನುಗಳಲ್ಲಿ ಒಂದೇ ಮೈಮೇಲೆ ಇರುತ್ತವೆ, ಕಣ್ಣಿರುವ ಬದಿಗೆ ಒಂದು ಬಗೆ, ಕುರುಡು ಬದಿಗೆ ಇನ್ನೊಂದು.

ಶಾರ್ಕ್‌ಗಳ ಅಸ್ಥಿಪಂಜರ ಮೃದ್ವಸ್ಥಿಯದ್ದು, ಕೊಳೆತುಹೋಗುತ್ತದೆ. ಹಲ್ಲುಗಳು ಮಾತ್ರ ಜೀವನವಿಡೀ ಉದುರಿ ಮತ್ತೆ ಹುಟ್ಟುತ್ತಿರುವುದರಿಂದ ರಾಶಿರಾಶಿಯಾಗಿ ಉಳಿಯುತ್ತವೆ. ಇಲ್ಲಿ ಆಗುವ ಮುಖ್ಯ ತಪ್ಪು ಒಂದೇ ಬಾಯಿಯ ಹಲ್ಲುಗಳನ್ನು ಹಲವು ಪ್ರಭೇದಗಳಾಗಿ ಎಣಿಸುವುದು. ಹಲವು ಶಾರ್ಕ್‌ಗಳಲ್ಲಿ ಮೇಲ್ದವಡೆಯ ಹಲ್ಲು ಅಗಲ, ಕೆಳದವಡೆಯದು ಕಿರಿದು. ಮುಂದಿನದು ನೆಟ್ಟಗೆ, ಬಾಯಿಮೂಲೆಯದು ಗಿಡ್ಡ, ಹಿಂದಕ್ಕೆ ವಾಲಿದ್ದು. ಮರಿಯ ಹಲ್ಲೇ ಬೇರೆ, ಬೆಳೆದದ್ದರ ಹಲ್ಲೇ ಬೇರೆ. ಕೆಲವು ರೇ ಮೀನುಗಳಲ್ಲಿ, ಅಂದರೆ ತೊರಕೆಗಳಲ್ಲಿ, ಬೆದೆಗಾಲಕ್ಕೆ ಗಂಡಿನ ಹಲ್ಲು ಮೊನಚಾಗುತ್ತದೆ, ಹೆಣ್ಣಿನದು ಚಪ್ಪಟೆಯಾಗಿಯೇ ಇರುತ್ತದೆ. ಹಾಗಾಗಿ ಹಲ್ಲು ಕೈಗೆ ಬಂದ ಕೂಡಲೇ ಅದು ದವಡೆಯ ಯಾವ ಜಾಗದ್ದೆಂದು ನಿರ್ಧರಿಸಿ, ಇಂದಿನ ಶಾರ್ಕ್‌ನ ಪೂರ್ತಿ ದವಡೆಯ ಪಕ್ಕದಲ್ಲಿಟ್ಟು ನೋಡಬೇಕು. ಬೇರಿನ ಆಕಾರ, ಬೇರಿನ ನಡುವಿನ ಪೋಷಕ ತೋಡು, ಪಕ್ಕದ ಕಿರುಮೊನೆ, ಅಂಚಿನ ಗರಗಸ ಎಲ್ಲವನ್ನೂ ಬರೆದುಕೊಳ್ಳಬೇಕು. ಬೇರು ಮುರಿದ ಹಲ್ಲಿನಲ್ಲಿ ಅರ್ಧ ಸಾಕ್ಷ್ಯ ಹೋದಂತೆಯೇ.

ಗರಗಸದಂಚನ್ನು ಮಾತ್ರ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಅಳಿದ ದೈತ್ಯ ಶಾರ್ಕ್ ಮೆಗಲೊಡಾನ್ ಸಾಕು. ಅಂಚು ಗರಗಸದಂತಿದೆ ಎಂಬ ಕಾರಣಕ್ಕೆ ಅದನ್ನು ಬಹುಕಾಲ ಇಂದಿನ ಬಿಳಿ ಶಾರ್ಕ್‌ನ ಕಾರ್ಕರೊಡಾನ್ ಕುಲದಲ್ಲಿ ಇಟ್ಟಿದ್ದರು. ಹಲ್ಲುಗಳನ್ನು ಕಾಲಕ್ರಮದಲ್ಲಿ ಜೋಡಿಸಿದಾಗ ಎರಡು ಬೇರೆ ಎಳೆಗಳು ಕಂಡವು. ಒಂದು ಎಳೆ ನಯವಾದ ಅಂಚು ಮತ್ತು ಕಿರುಮೊನೆಗಳಿದ್ದ ಓಟೊಡಸ್ ಎಂಬ ಹಳೆಯ ಶಾರ್ಕ್‌ನಿಂದ ಹೊರಟು, ಗರಗಸ ಪಡೆದು, ಕಿರುಮೊನೆ ಕಳೆದುಕೊಂಡು ಮೆಗಲೊಡಾನ್‌ಗೆ ಬರುತ್ತದೆ. ಇನ್ನೊಂದು ನಯವಾದ ಅಂಚಿನ ಹೇಸ್ಟಾಲಿಸ್ ಎಂಬ ಅಳಿದ ಪ್ರಭೇದದಿಂದ ಬಿಳಿ ಶಾರ್ಕ್‌ಗೆ ಬರುತ್ತದೆ. ಪೆರುವಿನ ಪಿಸ್ಕೊ ಪದರಗಳಿಂದ 2012ರಲ್ಲಿ ಹೆಸರಿಸಲಾದ ಕಾರ್ಕರೊಡಾನ್ ಹಬೆಲ್ಲಿ ಅದರ ನಡುವಿನ ಹಂತ. ಗರಗಸ ಎರಡು ಸಲ ಪ್ರತ್ಯೇಕವಾಗಿ ಹುಟ್ಟಿದೆ. ಈಗ ಹೆಚ್ಚಿನವರು ಓಟೊಡಸ್ ಮೆಗಲೊಡಾನ್ ಎಂದೇ ಬರೆಯುತ್ತಾರೆ.

ಮೂಳೆ ಮೀನುಗಳ ಕಿವಿಗಲ್ಲು ಸಣ್ಣದಾದರೂ ಬಹಳ ಬೆಲೆಯುಳ್ಳದ್ದು. ಒಂದೊಂದು ಕಡೆಯ ಒಳಗಿವಿಯಲ್ಲೂ ಮೂರು ಮೂರು ಇರುತ್ತವೆ: ಸಜಿಟ್ಟ, ಲ್ಯಾಪಿಲಸ್, ಆಸ್ಟೆರಿಸ್ಕಸ್. ಸಾಮಾನ್ಯವಾಗಿ ದೊಡ್ಡದಾದ ಸಜಿಟ್ಟವನ್ನೇ ನೋಡುತ್ತಾರೆ. ಅದರ ಒಳಮೈಯಲ್ಲಿರುವ ತೋಡು, ಆ ತೋಡಿನ ಮುಂಭಾಗ ಮತ್ತು ಬಾಲಭಾಗಗಳ ಅಳತೆಯ ಅನುಪಾತ, ಅಂಚಿನ ಆಕಾರ ಇವು ಗುರುತಿನ ಮುಖ್ಯ ಲಕ್ಷಣಗಳು. ಕಾರ್ಪ್ ಮತ್ತು ಕ್ಯಾಟ್‌ಫಿಶ್‌ಗಳಲ್ಲಿ ಸಜಿಟ್ಟ ಕಡ್ಡಿಯಂತೆ ಸಪೂರವಾಗಿದ್ದು, ಉಳಿದ ಎರಡರಲ್ಲಿ ಒಂದು ದೊಡ್ಡದಾಗಿರುತ್ತದೆ. ಇದನ್ನು ಮರೆತು ಸಜಿಟ್ಟದ ಚಿತ್ರಗಳೊಂದಿಗೆ ಹೋಲಿಸಿದರೆ ದಾರಿ ತಪ್ಪುವುದು ಖಚಿತ. ಮರಿಮೀನಿನ ಕಲ್ಲಿನಲ್ಲಿ ಈ ಲಕ್ಷಣಗಳು ಇನ್ನೂ ಮೂಡಿರುವುದಿಲ್ಲ. ಬೇಟೆಗಾರ ಪ್ರಾಣಿಯ ಹೊಟ್ಟೆಯಲ್ಲಿ ಸವೆದ ಕಲ್ಲಿನ ಅಂಚು ದುಂಡಗಾಗಿರುತ್ತದೆ. ಇವೆರಡಕ್ಕೂ ಪ್ರಭೇದದ ಹೆಸರು ಕೊಡಬಾರದು.

ಮಾದರಿಯನ್ನು ಕಲ್ಲಿನಿಂದ ಬಿಡಿಸುವ ವಿಧಾನವೇ ವರ್ಗೀಕರಣದ ಮೇಲೆ ಪರಿಣಾಮ ಬೀರುತ್ತದೆ. ಸುಣ್ಣಕಲ್ಲಿನಲ್ಲಿರುವ ಮೂಳೆಗೆ ಸುಮಾರು 5ರಿಂದ 10 ಶೇಕಡ ಅಸಿಟಿಕ್ ಆಮ್ಲ ಬಳಸುತ್ತಾರೆ. ಮೂಳೆ ಕ್ಯಾಲ್ಸಿಯಂ ಫಾಸ್ಫೇಟ್ ಆದ್ದರಿಂದ ಉಳಿಯುತ್ತದೆ, ಸುಣ್ಣ ಕರಗುತ್ತದೆ. ದ್ರಾವಣಕ್ಕೆ ಮೊದಲೇ ಸ್ವಲ್ಪ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸದಿದ್ದರೆ ಆಮ್ಲ ಮೂಳೆಯನ್ನೂ ತಿನ್ನಲು ತೊಡಗುತ್ತದೆ. ತೆರೆದುಕೊಂಡ ಮೂಳೆಗೆ ಪ್ರತಿ ಸುತ್ತಿನ ನಡುವೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ರಾಳ ಹಚ್ಚಬೇಕು. ಆಮ್ಲದಲ್ಲಿ ಇಟ್ಟದ್ದಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿ ತೊಳೆಯಬೇಕು; ಇಲ್ಲವಾದರೆ ಒಳಗೆ ಉಳಿದ ಕ್ಯಾಲ್ಸಿಯಂ ಅಸಿಟೇಟ್ ಒಣಗುವಾಗ ಹರಳುಗಟ್ಟಿ ಮೂಳೆಯನ್ನು ಸೀಳುತ್ತದೆ. ಕಿವಿಗಲ್ಲು ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲದಲ್ಲಿ ಸುಣ್ಣಕಲ್ಲಿನ ಜೊತೆ ಅದೂ ಹೋಗುತ್ತದೆ. ತಲೆಬುರುಡೆಯನ್ನು ಆಮ್ಲಕ್ಕೆ ಇಳಿಸುವ ಮುನ್ನ ಸಿ.ಟಿ. ಸ್ಕ್ಯಾನ್ ಮಾಡಿಸುವುದು ಇದಕ್ಕಾಗಿಯೇ. ಸಡಿಲ ಮಣ್ಣನ್ನು ತೊಳೆಯುವಾಗಲೂ 1 ಮಿಲಿಮೀಟರ್ ಜರಡಿಯ ಕೆಳಗೆ ಅರ್ಧ ಮಿಲಿಮೀಟರ್‌ನದ್ದೊಂದು ಇರಲೇಬೇಕು. ಇಲ್ಲದಿದ್ದರೆ ಸಣ್ಣ ಹಲ್ಲುಗಳೆಲ್ಲ ನೀರಿನೊಂದಿಗೆ ಹರಿದುಹೋಗಿ, ಆ ಕಾಲದಲ್ಲಿ ದೊಡ್ಡ ಮೀನುಗಳಷ್ಟೇ ಇದ್ದವೆಂಬ ಸುಳ್ಳು ಚಿತ್ರ ಉಳಿಯುತ್ತದೆ.

ಇಡೀ ಅಸ್ಥಿಪಂಜರ ಸಿಕ್ಕರೆ ಬಾಲದಿಂದ ಶುರು ಮಾಡುವುದು ಒಳ್ಳೆಯದು. ಬಾಲದ ರೆಕ್ಕೆಯನ್ನು ಹೊರುವ ಹೈಪ್ಯೂರಲ್ ಮೂಳೆಗಳು ಎಷ್ಟು, ಯಾವುವು ಬೆಸೆದಿವೆ ಎಂದು ಎಣಿಸಬೇಕು. ಬಾಲರೆಕ್ಕೆಯ ಪ್ರಧಾನ ಕಿರಣಗಳು ಹಳೆಯ ಬಗೆಯ ಟೆಲಿಯೋಸ್ಟ್‌ಗಳಲ್ಲಿ (ಇಂದಿನ ಹೆಚ್ಚಿನ ಮೂಳೆ ಮೀನುಗಳು ಸೇರಿದ ಗುಂಪು) 19, ಪರ್ಚ್ ಬಳಗದ ಮೀನುಗಳಲ್ಲಿ ಸಾಮಾನ್ಯವಾಗಿ 17 ಅಥವಾ ಅದಕ್ಕಿಂತ ಕಡಿಮೆ. ಬೆನ್ನಿನ ರೆಕ್ಕೆಯಲ್ಲಿ ಮುಳ್ಳು ಕಂಡರೆ ಅದರ ಬುಡವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು: ನಿಜವಾದ ಮುಳ್ಳು ಗಂಟುಗಳಿಲ್ಲದ ಒಂದೇ ಮೂಳೆ, ಮೃದು ಕಿರಣ ಎಡಬಲದ ಎರಡು ಹೋಳುಗಳಿಂದ ಆದದ್ದು, ಗಂಟುಗಂಟಾಗಿರುತ್ತದೆ. ಕ್ಯಾಟ್‌ಫಿಶ್‌ನ 'ಮುಳ್ಳು' ಗಂಟುಗಳು ಬೆಸೆದು ಗಟ್ಟಿಯಾದ ಮೃದು ಕಿರಣವೇ.

ಇಲ್ಲದ್ದು ಮತ್ತು ಕಾಣದ್ದು ಎರಡೂ ಒಂದಲ್ಲ. ಕಲ್ಲಿನಲ್ಲಿ ಒಂದು ಮೂಳೆ ಕಾಣದಿದ್ದರೆ ಲಕ್ಷಣಗಳ ಕೋಷ್ಟಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಆ ಜಾಗ ಪೂರ್ತಿ ಉಳಿದಿದ್ದು, ಅಲ್ಲಿ ಮೂಳೆ ಇರಲೇ ಇಲ್ಲವೆಂದು ತೋರಿಸಬಲ್ಲವರು ಮಾತ್ರ ಸೊನ್ನೆ ಬರೆಯಬಹುದು. ದವಡೆಯಿಲ್ಲದ ಮೀನು ಲ್ಯಾಂಪ್ರೆ ಮತ್ತು ಮೀನಿನಂಥ ಮೂಳೆಯಿಲ್ಲದ ಪುಟ್ಟ ಪ್ರಾಣಿ ಆಂಫಿಯಾಕ್ಸಸ್‌ಗಳನ್ನು ಕೊಳೆಯಲು ಬಿಟ್ಟು ನೋಡಿದ, 2010ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಒಳ್ಳೆಯ ಕಾರಣ ಕೊಟ್ಟಿತು. ವಿಕಾಸದಲ್ಲಿ ಈಚೆಗೆ ಬಂದ, ಗುಂಪನ್ನು ಗುರುತಿಸಲು ನೆರವಾಗುವ ಮೃದು ಲಕ್ಷಣಗಳೇ ಮೊದಲು ಕೊಳೆಯುತ್ತವೆ, ಪುರಾತನ ಲಕ್ಷಣಗಳು ಕೊನೆಯವರೆಗೆ ಉಳಿಯುತ್ತವೆ. ಅರ್ಧ ಕೊಳೆತು ಕಲ್ಲಾದ ಪ್ರಾಣಿ ತಾನಿದ್ದುದಕ್ಕಿಂತ ಪುರಾತನವಾಗಿ ಕಂಡು, ವಂಶವೃಕ್ಷದಲ್ಲಿ ಕೆಳಕ್ಕೆ ಜಾರುತ್ತದೆ. ಮೃದುದೇಹದ ಆದಿಮೀನುಗಳ ಬಗ್ಗೆ ಓದುವಾಗೆಲ್ಲ ಇದು ನೆನಪಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಲಕ್ಷಣಗಳು ಕೈಗೆ ಬಂದಮೇಲೆ ಗುಂಪಿಗೆ ಸೇರಿಸುವಾಗ ಹೊಸದಾಗಿ ಹುಟ್ಟಿದ, ಹಂಚಿಕೊಂಡ ಲಕ್ಷಣಗಳಿಗಷ್ಟೇ ತೂಕ. ರೆಕ್ಕೆಗಳ ಮುಂದೆ ಮುಳ್ಳಿದ್ದ ಅಳಿದ ಮೀನುಗಳಾದ ಅಕ್ಯಾಂಥೋಡಿಯನ್ನರನ್ನು ಒಂದು ಕಾಲಕ್ಕೆ ಪ್ರತ್ಯೇಕ ವರ್ಗವೆಂದು ಎಣಿಸುತ್ತಿದ್ದರು. ಈಗ ಅವು ಶಾರ್ಕ್ ವಂಶದ ಬುಡದ ಕವಲುಗಳೆಂದು ಹೆಚ್ಚಿನವರು ಒಪ್ಪುತ್ತಾರೆ. ಸುರುಳಿ ಹಲ್ಲಿನ ಹೆಲಿಕೊಪ್ರಿಯಾನ್‌ಗೆ 1899ರಲ್ಲಿ ಹೆಸರು ಬಂತು. ಆ ಸುರುಳಿ ಕೆಳದವಡೆಯ ನಡುವೆ ಕೂತಿತ್ತು, ಪ್ರಾಣಿ ಶಾರ್ಕ್‌ಗಿಂತ ಕೈಮೀರಾಗಳಿಗೆ (ಶಾರ್ಕ್‌ಗಳ ದೂರದ ನಂಟರಾದ ಮೃದ್ವಸ್ಥಿ ಮೀನುಗಳಿಗೆ) ಹತ್ತಿರ ಎಂದು ಖಚಿತವಾಗಲು 2013ರ ಸಿ.ಟಿ. ಸ್ಕ್ಯಾನ್ ಬೇಕಾಯಿತು. ಇಂಥ ಅಳಿದ ಕವಲುಗಳಿಗೆಲ್ಲ ಹೊಸ ಗಣ, ಹೊಸ ವರ್ಗ ಸೃಷ್ಟಿಸುತ್ತ ಹೋದರೆ ವರ್ಗೀಕರಣ ಕುಸಿಯುತ್ತದೆಂದು ಮೀನುವಿಜ್ಞಾನಿಗಳಾದ ಕಾಲಿನ್ ಪ್ಯಾಟರ್ಸನ್ ಮತ್ತು ಡಾನ್ ರೋಸೆನ್ 1977ರಲ್ಲಿ 'ಪ್ಲೀಸಿಯಾನ್' ಎಂಬ ದರ್ಜೆಯಿಲ್ಲದ ಗುರುತನ್ನು ಸೂಚಿಸಿದರು. ಅಳಿದ ಗುಂಪನ್ನು ಯಾವ ದರ್ಜೆಯನ್ನೂ ಕೊಡದೆ, ಜೀವಂತ ಗುಂಪಿನ ಪಕ್ಕದಲ್ಲಿ ಅದರ ಸರಿಯಾದ ಜಾಗದಲ್ಲಿ ಬರೆದಿಡುವ ಕ್ರಮ ಇದು. ಆ ಪದ ಈಗ ಕಡಿಮೆ ಬಳಕೆಯಲ್ಲಿದ್ದರೂ ಅದರ ಹಿಂದಿನ ವಿವೇಕ ಹಳತಾಗಿಲ್ಲ.

ಇನ್ನು ಹೆಸರು ಬರೆಯುವ ಕ್ರಮ. ಕುಲ ಖಚಿತ, ಪ್ರಭೇದ ಹೋಲುತ್ತದೆ, ಆದರೆ ಮಾದರಿ ಸವೆದಿದೆ ಎಂದಾದರೆ ನಡುವೆ 'ಸಿಎಫ್.', ಹತ್ತಿರದ್ದಾದರೂ ಬೇರೆಯೇ ಪ್ರಭೇದ ಎನ್ನಿಸಿದರೆ 'ಎಎಫ್ಎಫ್.', ಕುಲ ಮಾತ್ರ ಗೊತ್ತಿದ್ದರೆ 'ಎಸ್‌ಪಿ.', ಅದೂ ಆಗದಿದ್ದರೆ ಕುಟುಂಬದ ಅಥವಾ ಗಣದ ಹೆಸರು ಬರೆದು 'ಇಂಡೆಟ್.'. ಹೊಸ ಪ್ರಭೇದಕ್ಕೆ ಹೋಲೋಟೈಪ್ ಆಗಿ, ಅಂದರೆ ಹೆಸರಿಗೆ ಆಧಾರವಾಗಿ, ಒಂದು ಮಾದರಿಯನ್ನು ಆರಿಸುವಾಗ, ಅದು ಸಾರ್ವಜನಿಕ ಸಂಗ್ರಹದಲ್ಲಿರಬೇಕು, ಪದರದ ಹೆಸರು ಮತ್ತು ಸ್ಥಳ ದಾಖಲಾಗಿರಬೇಕು, ಹತ್ತಿರದ ಪ್ರಭೇದಗಳಿಂದ ಬೇರೆಮಾಡುವ ಲಕ್ಷಣ ಆ ಮಾದರಿಯಲ್ಲೇ ಕಾಣಬೇಕು. ಬುಡ ಮುರಿದ ಒಂದೇ ಹಲ್ಲು ಇದ್ದರೆ 'ಇಂಡೆಟ್.' ಎಂದು ಬರೆದು, ಅದರೊಂದಿಗೆ ಬಂದ ಮಣ್ಣನ್ನೂ ಚೀಟಿ ಹಚ್ಚಿ ತೆಗೆದಿಡಿ. ಅದೇ ಪದರದಿಂದ ಮುಂದೆ ದವಡೆ ಸಿಕ್ಕವರಿಗೆ ಎರಡೂ ಬೇಕಾಗುತ್ತವೆ.