ಪಟ್ಟ ಯಾರ ಸೊತ್ತು: ಮಹಿಳಾ ಕುಸ್ತಿ ಚಾಂಪಿಯನ್‌ಶಿಪ್‌ನ ಒಡೆತನದ ಚರಿತ್ರೆ

ಅಮೆರಿಕದ ವೃತ್ತಿಪರ ಕುಸ್ತಿ ಕಂಪನಿಯಾದ ಡಬ್ಲ್ಯುಡಬ್ಲ್ಯುಇಯ ಮಹಿಳಾ ಚಾಂಪಿಯನ್‌ಶಿಪ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಗೆದ್ದವರ ಪಟ್ಟಿಯಾಗಿ ಹೇಳಲಾಗುತ್ತದೆ. ಯಾರು ಯಾರನ್ನು ಯಾವ ಊರಿನಲ್ಲಿ ಸೋಲಿಸಿದರು, ಬೆಲ್ಟ್ ಎಷ್ಟು ದಿನ ಅವರ ಬಳಿ ಉಳಿಯಿತು ಎಂಬುದಷ್ಟೇ ಅದರಲ್ಲಿರುತ್ತದೆ. ಕಲಾವಿದರ ಮತ್ತು ಕ್ರೀಡಾಪಟುಗಳ ಕರಾರುಗಳನ್ನು ಪರಿಶೀಲಿಸುವ ವಕೀಲಳಾಗಿ ನಾನು ಅದೇ ಪಟ್ಟಿಯನ್ನು ಒಡೆತನದ ದಾಖಲೆಯಾಗಿ ಓದುತ್ತೇನೆ. ಹಾಗೆ ಓದಿದಾಗ, ಈ ಪಟ್ಟವನ್ನು ಸೊಂಟಕ್ಕೆ ಕಟ್ಟಿಕೊಂಡ ಹೆಂಗಸರಲ್ಲಿ ಅದರ ಮೇಲೆ ನಿಜವಾದ ಹಕ್ಕು ಹೊಂದಿದ್ದವರು ಒಬ್ಬರೇ ಎಂಬುದು ಕಾಣುತ್ತದೆ. ಉಳಿದವರ ಏಳುಬೀಳುಗಳಲ್ಲಿ ಹೆಚ್ಚಿನವು ಆ ಒಂದು ಸಂಗತಿಯಿಂದಲೇ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ.

ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗೆಂದು ಅದರ ಪೆಟ್ಟು ಸುಳ್ಳಲ್ಲ. ಮುರಿದ ಮೂಳೆ, ಸವೆದ ಮಂಡಿ, ವರ್ಷಗಟ್ಟಲೆಯ ತಾಲೀಮು ಎಲ್ಲವೂ ನಿಜವೇ. ಆದರೆ ಫಲಿತಾಂಶವನ್ನು ಆಯೋಜಕರು ನಿರ್ಧರಿಸುವುದರಿಂದ, ಇಲ್ಲಿನ ಚಾಂಪಿಯನ್ ಪಟ್ಟವು ಒಲಿಂಪಿಕ್ ಪದಕದ ಹಾಗೆ ಗೆದ್ದವರ ಸ್ವಂತದ್ದಾಗುವುದಿಲ್ಲ. ನಮ್ಮ ಯಕ್ಷಗಾನ ಮೇಳದಲ್ಲಿ ಕಿರೀಟ, ಭುಜಕೀರ್ತಿಗಳು ಮೇಳದವು. ವೇಷಧಾರಿ ಎಷ್ಟೇ ದೊಡ್ಡವನಾದರೂ ಬೆಳಗಿನ ಮಂಗಳಕ್ಕೆ ಅವನ್ನು ಪೆಟ್ಟಿಗೆಗೆ ಹಿಂದಿರುಗಿಸಬೇಕು. ಕುಸ್ತಿಯ ಬೆಲ್ಟಿನ ಸ್ಥಿತಿಯೂ ಅದೇ.

ಅಮೆರಿಕದಲ್ಲಿ ಮಹಿಳಾ ಕುಸ್ತಿಯನ್ನು ಹಣ ತರುವ ವೃತ್ತಿಯನ್ನಾಗಿ ಮಾಡಿದವರು ಮಿಲ್ಡ್ರೆಡ್ ಬರ್ಕ್. ಕ್ಯಾನ್ಸಸ್ ರಾಜ್ಯದಲ್ಲಿ 1915ರಲ್ಲಿ ಹುಟ್ಟಿದ ಅವರು ಜಾತ್ರೆಯಂಥ ಮೇಳಗಳಲ್ಲಿ ಗಂಡಸರೊಡನೆ ಸೆಣಸುತ್ತ ಬೆಳೆದು, 1937ರಲ್ಲಿ ಕ್ಲಾರಾ ಮಾರ್ಟೆನ್ಸನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಎನಿಸಿಕೊಂಡರು. ಅವರಿಗೆ ಪಂದ್ಯ ಗೊತ್ತುಮಾಡುತ್ತಿದ್ದವನು ಅವರ ಗಂಡನೇ ಆಗಿದ್ದ ಬಿಲ್ಲಿ ವುಲ್ಫ್. ಓಹಾಯೋದ ಕೊಲಂಬಸ್ ನಗರದಲ್ಲಿ ಕುಳಿತು ಅವನು ದೇಶದ ಬಹುತೇಕ ಮಹಿಳಾ ಕುಸ್ತಿಪಟುಗಳ ಪಂದ್ಯಗಳನ್ನು ನಿಯಂತ್ರಿಸುತ್ತಿದ್ದ, ಅವರ ಸಂಪಾದನೆಯಿಂದ ದೊಡ್ಡ ಪಾಲು ತೆಗೆದುಕೊಳ್ಳುತ್ತಿದ್ದ. ಚಾಂಪಿಯನ್ ಹೆಂಡತಿಯಾದರೂ ವ್ಯವಹಾರ ಗಂಡನದಾಗಿತ್ತು.

ದಾಂಪತ್ಯ ಮುರಿದಾಗ ವ್ಯವಹಾರವನ್ನೂ ಪಾಲು ಮಾಡಬೇಕಾಯಿತು. ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್, ಅಂದರೆ ಎನ್‌ಡಬ್ಲ್ಯುಎ, ಪ್ರಾದೇಶಿಕ ಆಯೋಜಕರು 1948ರಲ್ಲಿ ಕಟ್ಟಿಕೊಂಡಿದ್ದ ಒಕ್ಕೂಟ. ಅದರ ಒತ್ತಾಯದಿಂದ 1953ರಲ್ಲಿ ವುಲ್ಫ್ ತನ್ನ ಕುಸ್ತಿ ವ್ಯವಹಾರವನ್ನು ಬರ್ಕ್ ಅವರಿಗೇ ಮಾರಿದ. ಕೆಲವು ವರ್ಷ ಈ ಕ್ಷೇತ್ರಕ್ಕೆ ಮರಳುವುದಿಲ್ಲವೆಂದು ಒಪ್ಪಿಯೂ ಕೊಟ್ಟ. ಆ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ. ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ವೃತ್ತಿಗೆ ಅಡ್ಡಬರುವ ಷರತ್ತುಗಳನ್ನು ಅನೂರ್ಜಿತಗೊಳಿಸಿದರೂ, ವ್ಯಾಪಾರವನ್ನು ಅದರ ಸದ್ಭಾವನೆಯೊಡನೆ ಮಾರಿದವನು ಅದೇ ಪ್ರದೇಶದಲ್ಲಿ ಅದೇ ವ್ಯಾಪಾರ ಹೂಡುವುದಿಲ್ಲವೆಂದು ಕೊಡುವ ಮಾತಿಗೆ ವಿನಾಯಿತಿ ಇಟ್ಟಿದೆ. ಇಂಥ ಮಾತು ಮುರಿದರೆ ಕೊಂಡವರ ಕೈಯಲ್ಲಿ ಏನೂ ಉಳಿಯದು ಎಂಬುದು ಆ ವಿನಾಯಿತಿಯ ಹಿಂದಿನ ತಿಳಿವಳಿಕೆ. ಬರ್ಕ್ ಅವರಿಗೆ ಆದದ್ದೂ ಅದೇ. ಕುಸ್ತಿಪಟುಗಳೂ ಆಯೋಜಕರೂ ವುಲ್ಫ್ ಕಡೆಗೆ ಹೋದರು, ಬರ್ಕ್ ಅವರಲ್ಲಿ ಉಳಿದದ್ದು ಚಾಂಪಿಯನ್ ಎಂಬ ಹೆಸರೊಂದೇ.

ಆ ಹೆಸರಿಗೂ ಕುತ್ತು ಬಂದದ್ದು 1954ರ ಆಗಸ್ಟ್ 20ರಂದು, ಅಟ್ಲಾಂಟಾದಲ್ಲಿ. ಎದುರಾಳಿ ಜೂನ್ ಬೈಯರ್ಸ್, ವುಲ್ಫ್‌ನ ಸೊಸೆ. ಮೂರು ಸುತ್ತುಗಳಲ್ಲಿ ಎರಡನ್ನು ಗೆದ್ದವರಿಗೆ ಪಟ್ಟ ಎಂಬುದು ನಿಯಮವಾಗಿತ್ತು, ಮತ್ತು ಆ ದಿನ ಫಲಿತಾಂಶದ ಬಗ್ಗೆ ಇಬ್ಬರ ನಡುವೆ ಯಾವ ಒಪ್ಪಂದವೂ ಇರಲಿಲ್ಲ. ಅದು ನಿಜವಾದ ಸೆಣಸಾಟ. ಮೊದಲ ಸುತ್ತು ಬೈಯರ್ಸ್ ಪಾಲಾಯಿತು. ಎರಡನೆಯದು ಮುಗಿಯುವ ಲಕ್ಷಣ ಕಾಣದೆ ಎಳೆಯುತ್ತ ಹೋದಾಗ ಅಧಿಕಾರಿಗಳು ಪಂದ್ಯವನ್ನು ಅರ್ಧಕ್ಕೇ ನಿಲ್ಲಿಸಿದರು. ಎರಡು ಸುತ್ತು ಸೋಲದೆ ಪಟ್ಟ ಹೋಗದು ಎಂಬ ಬರ್ಕ್ ಅವರ ವಾದ ನಿಯಮದ ಪ್ರಕಾರ ಸರಿಯಾದದ್ದೇ. ಆದರೆ ಪಂದ್ಯ ಗೊತ್ತುಮಾಡುವ ಅಧಿಕಾರವಿದ್ದವರು ಬೈಯರ್ಸ್ ಅವರನ್ನು ಚಾಂಪಿಯನ್ ಎಂದು ಕರೆದರು, ಪತ್ರಿಕೆಗಳೂ ಹಾಗೆಯೇ ಬರೆದವು.

ಬರ್ಕ್ ಅವರ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ಅವರು ಸ್ವಂತ ಸಂಸ್ಥೆ ಕಟ್ಟಿ ಡಬ್ಲ್ಯುಡಬ್ಲ್ಯುಡಬ್ಲ್ಯುಎ ಎಂಬ ಹೆಸರಿನಲ್ಲಿ ತಮ್ಮ ಪಟ್ಟವನ್ನು ಜೀವಂತವಾಗಿಟ್ಟರು. 1970ರಲ್ಲಿ ಅದು ಜಪಾನಿಗೆ ಹೋಗಿ ಆಲ್ ಜಪಾನ್ ವಿಮೆನ್ಸ್ ಪ್ರೊ ರೆಸ್ಲಿಂಗ್ ಸಂಸ್ಥೆಯ ಅತ್ಯುನ್ನತ ಪಟ್ಟವಾಯಿತು. ಜಾಗ್ವಾರ್ ಯೊಕೋಟಾ, ಬುಲ್ ನಕಾನೊ, ಅಜಾ ಕಾಂಗ್, ಮನಾಮಿ ಟೊಯೋಟಾ ಅವರಂಥವರು ಅದನ್ನು ಧರಿಸಿದರು. ಕುಸ್ತಿಯ ಗುಣಮಟ್ಟದ ದೃಷ್ಟಿಯಿಂದ ನೋಡುವುದಾದರೆ ಅಮೆರಿಕದಲ್ಲಿ ಉಳಿದ ಕವಲಿಗಿಂತ ಜಪಾನಿಗೆ ಹೋದ ಈ ಕವಲೇ ಬಹುಕಾಲ ಮೇಲಾಗಿತ್ತು.

ಅಮೆರಿಕದ ಕವಲಿನಲ್ಲಿ 1956ರ ಸೆಪ್ಟೆಂಬರ್ 18ರಂದು ಬಾಲ್ಟಿಮೋರ್‌ನಲ್ಲಿ 13 ಮಹಿಳೆಯರ ಒಂದು ಪಂದ್ಯ ನಡೆಯಿತು. ಕೊನೆಯಲ್ಲಿ ಜೂಡಿ ಗ್ರೇಬಲ್ ಅವರನ್ನು ಮಣಿಸಿ ಗೆದ್ದವರು ಲಿಲಿಯನ್ ಎಲಿಸನ್. ಅಖಾಡದ ಹೆಸರು ಫ್ಯಾಬ್ಯುಲಸ್ ಮೂಲಾ. ಎನ್‌ಡಬ್ಲ್ಯುಎಯ ಮಾನ್ಯತೆ ಆಗಲೂ ಬೈಯರ್ಸ್ ಅವರ ಜೊತೆಗೇ ಇತ್ತು, 1964ರಲ್ಲಿ ಅವರು ನಿವೃತ್ತರಾದ ಮೇಲೆಯೇ ಮೂಲಾ ಅವರ ಹಕ್ಕು ನಿರ್ವಿವಾದವಾದದ್ದು. ಮುಂದೆ 1970ರ ದಶಕದಲ್ಲಿ ಮೂಲಾ ಮಾಡಿದ ಕೆಲಸವನ್ನು ಅವರ ಮುಂಚೆ ಯಾವ ಚಾಂಪಿಯನ್ನೂ ಮಾಡಿರಲಿಲ್ಲ: ಪಟ್ಟದ ಹಕ್ಕನ್ನೇ ಖರೀದಿಸಿದರು. ಅಲ್ಲಿಂದ ಮುಂದೆ ಚಾಂಪಿಯನ್, ಪಟ್ಟದ ಒಡತಿ, ಎದುರಾಳಿಗಳಿಗೆ ಕುಸ್ತಿ ಕಲಿಸಿದ ಗುರು, ಅವರಿಗೆ ಪಂದ್ಯ ಕೊಡಿಸುವ ಮಧ್ಯವರ್ತಿ ಎಲ್ಲರೂ ಅವರೇ.

ಈ ನಾಲ್ಕು ಅಧಿಕಾರಗಳು ಒಬ್ಬರಲ್ಲೇ ಸೇರುವುದು ಎಷ್ಟು ಅಪಾಯಕರ ಎಂಬುದನ್ನು ನನ್ನ ವೃತ್ತಿಯಲ್ಲಿರುವ ಯಾರಿಗೂ ವಿವರಿಸಬೇಕಾಗಿಲ್ಲ. ಸೌತ್ ಕ್ಯಾರೊಲೈನಾದ ಕೊಲಂಬಿಯಾದಲ್ಲಿ ಮೂಲಾ ಅವರ ಬಳಿ ಕಲಿತ ಹುಡುಗಿಯರು ಅವರ ಜಾಗದಲ್ಲೇ ಬಾಡಿಗೆ ಕೊಟ್ಟು ವಾಸಿಸುತ್ತಿದ್ದರು, ಪಂದ್ಯದ ಸಂಪಾದನೆಯಲ್ಲಿ ಅವರಿಗೆ ಪಾಲು ಕೊಡುತ್ತಿದ್ದರು. ಶಿಷ್ಯೆಯರಲ್ಲಿ ಹಲವರು ತಮ್ಮ ಹಣ ತಮಗೆ ಸರಿಯಾಗಿ ಸೇರಲಿಲ್ಲವೆಂದೂ, ಇನ್ನು ಕೆಲವರು ಅದಕ್ಕಿಂತ ಗಂಭೀರವಾದ ಶೋಷಣೆ ನಡೆಯಿತೆಂದೂ ಮುಂದೆ ಆರೋಪಿಸಿದರು. ಮೂಲಾ ಅವರ ಪರವಾಗಿ ಮಾತನಾಡಿದ ಶಿಷ್ಯೆಯರೂ ಇದ್ದಾರೆ, ಯಾವ ನ್ಯಾಯಾಲಯವೂ ಇದರಲ್ಲಿ ತೀರ್ಪು ಕೊಟ್ಟಿಲ್ಲ. ಆದರೂ 2018ರಲ್ಲಿ ಡಬ್ಲ್ಯುಡಬ್ಲ್ಯುಇ ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದ ಒಂದು ಮಹಿಳಾ ಪಂದ್ಯಕ್ಕೆ ಅವರ ಹೆಸರಿಟ್ಟಾಗ ಅಭಿಮಾನಿಗಳಿಂದ ಎದ್ದ ವಿರೋಧ ಎಷ್ಟಿತ್ತೆಂದರೆ, ಪ್ರಾಯೋಜಕ ಕಂಪನಿಯೇ ಆಕ್ಷೇಪಿಸಿ, ಕೆಲವೇ ದಿನಗಳಲ್ಲಿ ಆ ಹೆಸರನ್ನು ಕೈಬಿಡಬೇಕಾಯಿತು.

ಮೂಲಾ 28 ವರ್ಷ ಅಜೇಯ ಚಾಂಪಿಯನ್ ಆಗಿದ್ದರೆಂಬ ಮಾತು ಎಲ್ಲ ಕಡೆ ಕಾಣಸಿಗುತ್ತದೆ. ಡಬ್ಲ್ಯುಡಬ್ಲ್ಯುಇಯ ಲೆಕ್ಕದಲ್ಲಿ ಅದು 10,170 ದಿನ. ವಾಸ್ತವದಲ್ಲಿ 1966ರಲ್ಲಿ ಬೆಟ್ಟಿ ಬೂಶೆ, 1968ರಲ್ಲಿ ಜಪಾನಿನ ಯುಕಿಕೊ ತೊಮೊಯೆ, 1976ರಲ್ಲಿ ಸೂ ಗ್ರೀನ್, 1978ರಲ್ಲಿ ಎವ್ಲಿನ್ ಸ್ಟೀವನ್ಸ್ ಅವರು ಮೂಲಾ ಅವರಿಂದ ಪಟ್ಟ ಗೆದ್ದು, ಸ್ವಲ್ಪ ಕಾಲದಲ್ಲೇ ಅವರಿಗೆ ಕಳೆದುಕೊಂಡಿದ್ದಾರೆ. 1983–84ರ ಹೊತ್ತಿಗೆ ಮೂಲಾ ಪಟ್ಟದ ಹಕ್ಕನ್ನು ವಿನ್ಸ್ ಮೆಕ್‌ಮಹನ್ ಅವರ ಡಬ್ಲ್ಯುಡಬ್ಲ್ಯುಎಫ್‌ಗೆ, ಅಂದರೆ ಇಂದಿನ ಡಬ್ಲ್ಯುಡಬ್ಲ್ಯುಇಗೆ, ಮಾರಿದರು. ಕೊಂಡವರು ಹಿಂದಿನ ಈ ನಾಲ್ಕು ಗೆಲುವುಗಳನ್ನು ಲೆಕ್ಕದಿಂದ ಬಿಟ್ಟರು; ಮುರಿಯದ 28 ವರ್ಷಗಳನ್ನು ಮುರಿಯುವ ಕಥೆಗೆ ಬೆಲೆ ಹೆಚ್ಚು. ಸ್ವಂತ ಬೆವರಿನಿಂದ ಪಟ್ಟ ಗೆದ್ದ ನಾಲ್ವರು ಹೆಣ್ಣುಮಕ್ಕಳು ಒಂದು ಕ್ರಯದಿಂದಾಗಿ ಅಧಿಕೃತ ಚರಿತ್ರೆಯಿಂದಲೇ ಹೊರಗುಳಿದದ್ದು ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಭಾಗ.

ಆ ಕಥೆಯನ್ನು ಮುಗಿಸಿದವರು ವೆಂಡಿ ರಿಕ್ಟರ್. 1984ರ ಜುಲೈ 23ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಗಾಯಕಿ ಸಿಂಡಿ ಲಾಪರ್ ಬೆಂಬಲಕ್ಕೆ ನಿಂತಿರಲು, ಎಂಟಿವಿ ನೇರ ಪ್ರಸಾರದಲ್ಲಿ ಅವರು ಮೂಲಾ ಅವರನ್ನು ಸೋಲಿಸಿದರು. 1972ರವರೆಗೆ ನ್ಯೂಯಾರ್ಕ್ ರಾಜ್ಯದಲ್ಲಿ ಮಹಿಳಾ ಕುಸ್ತಿಗೇ ನಿಷೇಧವಿತ್ತೆಂಬುದನ್ನು ನೆನೆದರೆ ಆ ರಾತ್ರಿಯ ಮಹತ್ವ ತಿಳಿಯುತ್ತದೆ. ಮರುವರ್ಷ ಫೆಬ್ರವರಿಯಲ್ಲಿ ಲೈಲಾನಿ ಕೈ ಅವರಿಗೆ ಸೋತ ರಿಕ್ಟರ್, ಮಾರ್ಚ್ 31ರ ಮೊದಲ ರೆಸಲ್‌ಮೇನಿಯಾದಲ್ಲಿ ಪಟ್ಟವನ್ನು ಮರಳಿ ಪಡೆದರು. ತಾವು ತರುತ್ತಿದ್ದ ಜನಪ್ರಿಯತೆಗೆ ತಕ್ಕ ಹಣ ಸಿಗುತ್ತಿಲ್ಲವೆಂದು ಅವರು ಕಂಪನಿಯೊಡನೆ ತಕರಾರು ಎತ್ತುತ್ತಲೇ ಇದ್ದರು.

1985ರ ನವೆಂಬರ್ 25ರಂದು ಅದೇ ಗಾರ್ಡನ್‌ನಲ್ಲಿ ಅವರ ಎದುರಾಳಿ ಸ್ಪೈಡರ್ ಲೇಡಿ ಎಂಬ ಮುಖವಾಡಧಾರಿ. ಪಂದ್ಯದ ನಡುವೆ ಆಕೆ ರಿಕ್ಟರ್ ಅವರನ್ನು ನೆಲಕ್ಕೆ ಒತ್ತಿಹಿಡಿದಾಗ, ಅವರು ಭುಜ ಎತ್ತಿದರೂ ರೆಫರಿ ಬೇಗಬೇಗನೆ ಮೂರರವರೆಗೆ ಎಣಿಸಿ ಮುಗಿಸಿದ. ಪಂದ್ಯ ಮುಗಿದಿದೆಯೆಂಬುದು ಅರ್ಥವಾಗದೆ ರಿಕ್ಟರ್ ಸೆಣಸುತ್ತಲೇ ಇದ್ದರು, ಎದುರಾಳಿಯ ಮುಖವಾಡ ಕಿತ್ತರು. ಅದರೊಳಗೆ ಇದ್ದವರು ತಮಗೆ ಕುಸ್ತಿ ಕಲಿಸಿದ ಮೂಲಾ. ಕುಸ್ತಿಯ ಉಡುಪಿನಲ್ಲೇ ಗಾರ್ಡನ್‌ನಿಂದ ಹೊರಬಿದ್ದು ಟ್ಯಾಕ್ಸಿ ಹಿಡಿದು ವಿಮಾನ ನಿಲ್ದಾಣಕ್ಕೆ ಹೋದ ರಿಕ್ಟರ್ ಆ ಕಂಪನಿಗಾಗಿ ಮತ್ತೆ ಕುಸ್ತಿಯಾಡಲಿಲ್ಲ. ಮುಂಚಿತವಾಗಿ ಒಪ್ಪಿದ ಫಲಿತಾಂಶವನ್ನು ಒಬ್ಬರಿಗೆ ತಿಳಿಸದೆ ಬದಲಿಸುವುದು ಕೇವಲ ಅವಮಾನವಲ್ಲ, ದೇಹಕ್ಕೂ ಅಪಾಯ. ಎದುರಾಳಿಯನ್ನು ನಂಬಿ ಮೈಯೊಡ್ಡುವುದರ ಮೇಲೆಯೇ ಈ ಕಲೆ ನಿಂತಿದೆ. ಆದರೆ ಕಾನೂನಿನ ದೃಷ್ಟಿಯಲ್ಲಿ ರಿಕ್ಟರ್ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಪಟ್ಟ ಕಂಪನಿಯದು, ಫಲಿತಾಂಶವೂ ಕಂಪನಿಯದು. ಹಣ ಕೇಳಿದ ಚಾಂಪಿಯನ್ ಕೈಯಿಂದ ಪಟ್ಟವನ್ನು ಹೀಗೆ ಬಿಡಿಸಿಕೊಳ್ಳಬಹುದೆಂದು ಆ ದಿನ ರುಜುವಾತಾಯಿತು.

ಆಮೇಲೆ ಷೆರಿ ಮಾರ್ಟೆಲ್, ರಾಕಿನ್ ರಾಬಿನ್ ಅವರ ಕಾಲ ಮುಗಿದು 1990ರಲ್ಲಿ ಪಟ್ಟವನ್ನು ಖಾಲಿ ಬಿಡಲಾಯಿತು. 1993ರ ಡಿಸೆಂಬರ್‌ನಲ್ಲಿ ಅದನ್ನು ಮತ್ತೆ ಚಾಲನೆಗೆ ತಂದಾಗ ಗೆದ್ದವರು ಡೆಬ್ರಾ ಮಿಸೆಲಿ. ಮಡೂಸಾ ಎಂಬ ಅಖಾಡದ ಹೆಸರಿನ ಟ್ರೇಡ್‌ಮಾರ್ಕ್ ಹಕ್ಕು ಅವರ ಬಳಿಯೇ ಇತ್ತು; ಬೇರೊಬ್ಬರ ಹೆಸರಿಗೆ ಹಣ ತೆರಲು ಮನಸ್ಸಿಲ್ಲದ ಕಂಪನಿ ಅವರನ್ನು ಅಲುಂಡ್ರಾ ಬ್ಲೇಜ್ ಎಂದು ಕರೆಯಿತು. 1994ರ ನವೆಂಬರ್‌ನಲ್ಲಿ ಟೋಕಿಯೊ ಡೋಮ್‌ನಲ್ಲಿ ಬುಲ್ ನಕಾನೊ ಅವರಿಗೆ ಸೋತು, ಮರುವರ್ಷ ಅವರನ್ನೇ ಸೋಲಿಸಿದ ಬ್ಲೇಜ್ ಅವರ ಪಂದ್ಯಗಳು ಈ ಪಟ್ಟದ ಚರಿತ್ರೆಯಲ್ಲೇ ಶ್ರೇಷ್ಠ ಮಟ್ಟದವು. 1995ರ ಕೊನೆಗೆ ಕಂಪನಿ ಅವರನ್ನು ಕೈಬಿಟ್ಟಿತು, ಆದರೆ ಬೆಲ್ಟನ್ನು ವಾಪಸು ಪಡೆಯಲು ಮರೆಯಿತು. ಡಿಸೆಂಬರ್ 18ರಂದು ಅವರು ಪೈಪೋಟಿಯ ಡಬ್ಲ್ಯುಸಿಡಬ್ಲ್ಯು ಕಾರ್ಯಕ್ರಮದ ನೇರ ಪ್ರಸಾರದಲ್ಲಿ ಅದನ್ನು ಕಸದ ಬುಟ್ಟಿಗೆ ಹಾಕಿದರು. ಬೆಲ್ಟು ಅವರ ಕೈಯಲ್ಲಿದ್ದರೂ ಪಟ್ಟ ಅವರದಾಗಿರಲಿಲ್ಲ. ಕಂಪನಿ ಸುಮ್ಮನೆ ಅದನ್ನು ಸುಮಾರು ಮೂರು ವರ್ಷ ಮುಚ್ಚಿಟ್ಟಿತು. 2015ರಲ್ಲಿ ಹಾಲ್ ಆಫ್ ಫೇಮ್ ಗೌರವ ಪಡೆಯುವಾಗ ಅವರು ವೇದಿಕೆಯ ಮೇಲಿದ್ದ ಕಸದ ಬುಟ್ಟಿಯಿಂದ ಬೆಲ್ಟನ್ನು ಹೊರತೆಗೆದರು.

1998ರಲ್ಲಿ ಜಾಕ್ವೆಲಿನ್ ಅವರಿಂದ ಮರುಪ್ರಾರಂಭವಾದ ಪಟ್ಟ ಮೊದಮೊದಲು ಉಡುಪು ಬಿಚ್ಚುವ ಪಂದ್ಯಗಳ ಮಟ್ಟಕ್ಕೆ ಇಳಿದಿತ್ತು. ಹೆಂಗಸಿನ ವೇಷ ಹಾಕಿದ ಗಂಡಸೊಬ್ಬನೂ 2000ರಲ್ಲಿ ಚಾಂಪಿಯನ್ ಆದ. ಅದರ ಮಾನ ಉಳಿಸಿದವರು ಟ್ರಿಶ್ ಸ್ಟ್ರೇಟಸ್ ಮತ್ತು ಲೀಟಾ. 2004ರ ಡಿಸೆಂಬರ್ 6ರಂದು ಇವರಿಬ್ಬರ ಪಟ್ಟದ ಪಂದ್ಯ ಕಂಪನಿಯ ವಾರದ ಟಿವಿ ಕಾರ್ಯಕ್ರಮವಾದ ರಾದ ಕೊನೆಯ, ಅಂದರೆ ಮುಖ್ಯ ಪಂದ್ಯವಾಯಿತು. 2006ರಲ್ಲಿ ತಮ್ಮ ಹುಟ್ಟೂರು ಟೊರೊಂಟೊದಲ್ಲಿ ಏಳನೆಯ ಬಾರಿ ಚಾಂಪಿಯನ್ ಆಗಿಯೇ ಟ್ರಿಶ್ ನಿವೃತ್ತರಾದರು. ಅಷ್ಟಾಗಿಯೂ ಕಂಪನಿ 2008ರಲ್ಲಿ ಡೀವಾಸ್ ಚಾಂಪಿಯನ್‌ಶಿಪ್ ಎಂಬ ಇನ್ನೊಂದನ್ನು ಹುಟ್ಟುಹಾಕಿ, 2010ರ ಸೆಪ್ಟೆಂಬರ್ 19ರಂದು ಎರಡನ್ನೂ ಒಂದುಗೂಡಿಸುವ ಹೆಸರಿನಲ್ಲಿ 54 ವರ್ಷಗಳ ಹಳೆಯ ಪಟ್ಟವನ್ನೇ ರದ್ದುಗೊಳಿಸಿ ಚಿಟ್ಟೆಯಾಕಾರದ ಹೊಸ ಬೆಲ್ಟನ್ನು ಉಳಿಸಿಕೊಂಡಿತು. ಇದು ತಪ್ಪು ನಿರ್ಧಾರವಾಗಿತ್ತು ಎಂದು ನಾನು ಆಗಲೂ ಭಾವಿಸಿದ್ದೆ, ಈಗಲೂ ಭಾವಿಸುತ್ತೇನೆ.

2015ರಲ್ಲಿ ಅರ್ಧ ನಿಮಿಷದಷ್ಟೇ ನಡೆದ ಒಂದು ಮಹಿಳಾ ಪಂದ್ಯದ ನಂತರ ಅಭಿಮಾನಿಗಳು ಸಾಮಾಜಿಕ ಜಾಲತಾಣಗಳಲ್ಲಿ ಎತ್ತಿದ ದನಿಗೆ ಕಂಪನಿ ಮಣಿಯಬೇಕಾಯಿತು. 2016ರ ಏಪ್ರಿಲ್ 3ರಂದು ರೆಸಲ್‌ಮೇನಿಯಾದಲ್ಲಿ ಲೀಟಾ ಹೊಸ ಬೆಲ್ಟನ್ನು ಅನಾವರಣ ಮಾಡಿದರು, ಸಾಶಾ ಬ್ಯಾಂಕ್ಸ್ ಮತ್ತು ಬೆಕಿ ಲಿಂಚ್ ಅವರನ್ನು ಸೋಲಿಸಿ ಶಾರ್ಲಟ್ ಅದನ್ನು ಗೆದ್ದರು. 2019ರ ಏಪ್ರಿಲ್ 7ರಂದು ಮೊದಲ ಬಾರಿಗೆ ಮಹಿಳೆಯರು ರೆಸಲ್‌ಮೇನಿಯಾದ ಮುಖ್ಯ ಪಂದ್ಯವಾಡಿದರು. ರೊಂಡಾ ರೌಸಿ ಮತ್ತು ಶಾರ್ಲಟ್ ಎದುರು ಗೆದ್ದು ಬೆಕಿ ಲಿಂಚ್ ರಾ ಮತ್ತು ಸ್ಮ್ಯಾಕ್‌ಡೌನ್ ಕಾರ್ಯಕ್ರಮಗಳ ಎರಡು ಮಹಿಳಾ ಪಟ್ಟಗಳನ್ನು ಒಟ್ಟಿಗೆ ಪಡೆದರು.

ಆದರೆ 2016ರ ಪಟ್ಟಕ್ಕೆ ಕಂಪನಿ ಹಳೆಯ ವಂಶಾವಳಿಯನ್ನು ಕೊಡಲಿಲ್ಲ. ಹೆಸರು ಹೆಚ್ಚು ಕಡಿಮೆ ಅದೇ ಆದರೂ ಅಧಿಕೃತ ದಾಖಲೆಯಲ್ಲಿ ಮೂಲಾ, ರಿಕ್ಟರ್, ಟ್ರಿಶ್ ಅವರೆಲ್ಲ ಮುಚ್ಚಿಹೋದ ಬೇರೆ ಪುಸ್ತಕದಲ್ಲಿದ್ದಾರೆ. ಆ ಪಟ್ಟ ಕೆಲಕಾಲಾನಂತರ ರಾ ಮಹಿಳಾ ಚಾಂಪಿಯನ್‌ಶಿಪ್ ಎನಿಸಿಕೊಂಡಿತು, ಸ್ಮ್ಯಾಕ್‌ಡೌನ್ ಕಾರ್ಯಕ್ರಮಕ್ಕೆ ಇನ್ನೊಂದು ಪಟ್ಟ ಬಂತು. 2023ರ ಜೂನ್‌ನಲ್ಲಿ ಎರಡಕ್ಕೂ ಮತ್ತೆ ನಾಮಕರಣವಾಯಿತು: ಅಸುಕಾ ಅವರ ಬಳಿ ಇದ್ದದ್ದು ಡಬ್ಲ್ಯುಡಬ್ಲ್ಯುಇ ಮಹಿಳಾ ಚಾಂಪಿಯನ್‌ಶಿಪ್, ರಿಯಾ ರಿಪ್ಲಿ ಅವರ ಬಳಿ ಇದ್ದದ್ದು ಮಹಿಳಾ ವಿಶ್ವ ಚಾಂಪಿಯನ್‌ಶಿಪ್. ಇಬ್ಬರ ಕೈಗೂ ಹೊಸ ಬೆಲ್ಟನ್ನು ಕಾರ್ಯಕ್ರಮದ ನಡುವೆ ಕೊಡಲಾಯಿತು. ಅದಕ್ಕಾಗಿ ಯಾರೂ ಯಾರನ್ನೂ ಸೋಲಿಸಬೇಕಾಗಿ ಬರಲಿಲ್ಲ.