ಆ ಮೆಮೊ ಬಗ್ಗೆ ಏನು ಮಾಡ್ತೀರಿ?

ರಾತ್ರಿ ಎರಡೂವರೆಗೆ ನಮ್ಮ ಆಂಬುಲೆನ್ಸ್ ಡೆಸ್ಕಿಗೆ ಸಿರುಗುಪ್ಪ ಕಡೆಯಿಂದ ಒಂದು ಕರೆ. ಗಂಡಸಿನ ದನಿ, ಅರ್ಧ ತೆಲುಗು, ಅರ್ಧ ಕನ್ನಡ. ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ. ಎಲ್ಲಿದ್ದೀರಿ ಅಂದರೆ, "ಕ್ಯಾಂಪ್ ರೀ, ಕಾಲುವೆ ಹತ್ರ" ಅಂದ. ತುಂಗಭದ್ರಾ ಕಾಲುವೆ ನೀರು ಹರಿದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳಿಗೆ ನಮ್ಮಲ್ಲಿ ಕ್ಯಾಂಪ್ ಅಂತಾರೆ. ಸಿರುಗುಪ್ಪ, ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ಹೋದಲ್ಲೆಲ್ಲ ಕ್ಯಾಂಪ್. ಎಲ್ಲವೂ ಯಾವುದಾದರೂ ಕಾಲುವೆ ಹತ್ತಿರವೇ.

ಕರೆ ಎತ್ತಿದ್ದು ನನ್ನ ಪಕ್ಕದ ಸೀಟಿನ ಹುಡುಗಿ. ಮ್ಯಾಪ್‌ನಲ್ಲಿ ಮೊಬೈಲ್ ಟವರ್ ಸುತ್ತ ಒಂದು ದೊಡ್ಡ ವೃತ್ತ, ಅಷ್ಟೇ; ಅದರೊಳಗೆ ಮನೆ ಎಲ್ಲಿ ಅಂತ ಗೊತ್ತಾಗಲ್ಲ. "ಅಣ್ಣಾ, ಮನೇಲಿ ಕರೆಂಟ್ ಬಿಲ್ ಇದ್ರೆ ತಂದು ಓದಿ" ಅಂದಳು. ಅವನಿಗೆ ಓದು ಬರೋದಿಲ್ಲ. ಬೆಳಿಗ್ಗೆ ಬರೋ ಬಸ್ಸು ಯಾವ ಊರಿಂದ ಬರ್ತದೆ? ಗಾಬರಿಯಲ್ಲಿ ಅದೂ ನೆನಪಾಗಲಿಲ್ಲ. ಹತ್ರ ರೈಸ್ ಮಿಲ್ ಇದೆಯಾ? ಇತ್ತು. ಹೆಸರು ಹೇಳಿದ. ನಮ್ಮ ಡ್ರೈವರ್‌ಗೆ ಆ ಮಿಲ್ ಗೊತ್ತಿತ್ತು, ಗಾಡಿ ಹೊರಟಿತು.

ಆಮೇಲೂ ಅವಳು ಫೋನ್ ಇಡಲಿಲ್ಲ. ಮನೆಯ ಹಿರಿಯ ಹೆಂಗಸಿಗೆ ಫೋನ್ ಕೊಡಿಸಿದಳು. ಒಣ ಬಟ್ಟೆ ತಂದಿಟ್ಕೊಳ್ಳಿ. ತಲೆ ಕಾಣ್ತಿದೆಯಾ? ಎಳೀಬೇಡಿ, ಬರೀ ಕೈ ಆಸರೆ ಕೊಡಿ. ಮಗು ಬಂದ ಕೂಡಲೇ ಒರೆಸಿ, ತಾಯಿ ಎದೆ ಮೇಲೆ ಮಲಗಿಸಿ. ಹೊಕ್ಕುಳಬಳ್ಳಿ ಮುಟ್ಟಬೇಡಿ, ನಮ್ಮವರು ಬಂದು ನೋಡ್ಕೊಳ್ತಾರೆ. ಹೆಡ್‌ಸೆಟ್‌ನಲ್ಲಿ ಮಗು ಅತ್ತ ಸದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಕರೆ 19 ನಿಮಿಷ ನಡೆದಿತ್ತು. ಅದು ಮುಗಿದ ತಕ್ಷಣ ಮುಂದಿನದು ಬಂತು. ಗಂಡೋ ಹೆಣ್ಣೋ ಅಂತ ಕೇಳೋಕೂ ಆಗಲಿಲ್ಲ ಅವಳಿಗೆ.

ಮೂರು ದಿನ ಬಿಟ್ಟು ಅವಳ ಕೈಗೆ ಒಂದು ಮೆಮೊ ಬಂತು. ಒಂದೇ ಕರೆಯಲ್ಲಿ ಇಷ್ಟು ಹೊತ್ತು ಕಳೆದದ್ದೇಕೆ, ವಿವರಣೆ ಕೊಡಿ.

ಇದನ್ನು ಈಗ ಬರೆಯೋಕೆ ಕಾರಣ, ಡಿಸ್ಪ್ಯಾಚ್ ಕೆಲಸದವರೇ, ಅಂದರೆ ತುರ್ತು ಕರೆ ಎತ್ತಿ ಗಾಡಿ ಕಳಿಸುವವರೇ, ಸೇರಿ ಮಾಡಿಕೊಂಡ ನಮ್ಮ ಪುಟ್ಟ ಸಂಘಕ್ಕೆ ಚುನಾವಣೆ ಬಂದಿದೆ. ಬಳ್ಳಾರಿಯಲ್ಲಿ ಅಧ್ಯಕ್ಷರ ಕುರ್ಚಿಗೆ ಇಬ್ಬರು ನಿಂತಿದ್ದಾರೆ. ಹೊಸಬರಿಗೆ ಕಲಿಸುವ ಕೆಲಸ ನನ್ನದಾದ್ದರಿಂದ, ಯಾರಿಗೆ ವೋಟ್ ಹಾಕಲಿ ಅಂತ ಹುಡುಗರು ಕೇಳ್ತಾರೆ. ನಾನು ಹೆಸರು ಹೇಳೋದಿಲ್ಲ. ಆ ಮೆಮೊ ಬಗ್ಗೆ ಏನು ಮಾಡ್ತೀರಿ ಅಂತ ಇಬ್ಬರನ್ನೂ ಕೇಳಿ ಅಂತೀನಿ.

ಮೊದಲನೆಯವರು ಮಾತುಗಾರರು. ಹೊಸ ಸಾಫ್ಟ್‌ವೇರ್ ತರಿಸ್ತೀನಿ, ಎಲ್ಲರಿಗೂ ಐಡಿ ಕಾರ್ಡ್, ಜಾಕೆಟ್ ಅಂದರು. ಬಳ್ಳಾರಿ ಬಿಸಿಲಿಗೆ ಜಾಕೆಟ್! ಇರಲಿ. ಮೆಮೊ ಮಾತು ಬಂದಾಗ "ಮ್ಯಾನೇಜ್‌ಮೆಂಟ್ ಜೊತೆ ಕೂತು ಮಾತಾಡೋಣ" ಅಂದು ದಾಟಿಸಿದರು. ಇನ್ನೊಬ್ಬರು ಜೇಬಿನಿಂದ ಮಡಚಿದ ಡ್ಯೂಟಿ ಪಟ್ಟಿ ತೆಗೆದರು. ಆ ರಾತ್ರಿ ಎಷ್ಟು ಸೀಟು ಇರಬೇಕಿತ್ತು, ಎಷ್ಟು ಖಾಲಿ ಇದ್ದವು, ಬೆರಳಿಟ್ಟು ತೋರಿಸಿದರು. ಹಾಗಂತ ಅವರು ದೇವರೇನಲ್ಲ. ಹಿಂದೆ ಚಂದಾ ಲೆಕ್ಕ ಅವರ ಕೈಲಿದ್ದಾಗ ಒಂದು ರಸೀದಿಯೂ ಸರಿಯಾಗಿ ಸಿಗ್ತಿರಲಿಲ್ಲ.

ಮೆಮೊ ಕೊಟ್ಟವರ ಮಾತಿನಲ್ಲೂ ಒಂದು ನ್ಯಾಯ ಇದೆ, ಅಲ್ವಾ? ಒಂದು ಸೀಟು 19 ನಿಮಿಷ ಹಿಡಿದಿಟ್ಟರೆ ಬೇರೆ ಕರೆ ಕಾಯ್ತವೆ. ಆದರೆ ಕರೆ ಎತ್ತೋಕೆ ಎಷ್ಟು ಹೊತ್ತಾಯ್ತು ಅನ್ನೋದು ಬೇರೆ ಲೆಕ್ಕ, ಇಡೋಕೆ ಎಷ್ಟು ಹೊತ್ತಾಯ್ತು ಅನ್ನೋದು ಬೇರೆ. ಅಮೆರಿಕದಲ್ಲಿ ತುರ್ತು ಕರೆಯ ನಂಬರ್ 911; ಅದರ ಕೇಂದ್ರಗಳಿಗೆ ನೆನಾ ಅನ್ನುವ ವೃತ್ತಿಸಂಘ ಹಾಕಿರುವ ಮಟ್ಟ ನೋಡಿ: ನೂರಕ್ಕೆ 90 ಕರೆ 15 ಸೆಕೆಂಡಿನೊಳಗೆ ಎತ್ತಬೇಕು. ಅದು ಎತ್ತುವ ಗಡಿಯಾರ. ಎತ್ತಿದ ಮೇಲೆ ಹೆರಿಗೆಯ ಕರೆಗೂ ಬೀದಿ ಜಗಳದ ಕರೆಗೂ ಒಂದೇ ಗಡಿಯಾರ ಇಡೋಕಾಗಲ್ಲ. ಕರೆ ಕಾಯ್ತಿವೆ ಅಂದರೆ ರಾತ್ರಿ ಪಾಳಿಗೆ ಸೀಟು ಸಾಲದು ಅಂತ ಅರ್ಥ, ಹುಡುಗಿ ಜಾಸ್ತಿ ಮಾತಾಡಿದಳು ಅಂತಲ್ಲ.

ಅಮೆರಿಕದಲ್ಲಿ ಇದೇ ಕೆಲಸದವರ ಇನ್ನೊಂದು ಸಂಘ ಆಪ್ಕೊ, 1935ರಲ್ಲಿ ಶುರುವಾದದ್ದು. ಅಲ್ಲಿ ಯಾರೂ ನೇರ ಅಧ್ಯಕ್ಷರಾಗೋದಿಲ್ಲ. ಮೊದಲು ಎರಡನೇ ಉಪಾಧ್ಯಕ್ಷರು, ಆಮೇಲೆ ಮೊದಲನೇ ಉಪಾಧ್ಯಕ್ಷರು, ಆಮೇಲೆ ಅಧ್ಯಕ್ಷರು. ಮೆಟ್ಟಿಲು ಹತ್ತುವಷ್ಟರಲ್ಲಿ ಕಡತ, ಕಾನೂನು ಎಲ್ಲ ಅಭ್ಯಾಸ ಆಗಿರ್ತದೆ. ನಮ್ಮಲ್ಲಿ ಗೆದ್ದ ಮರುದಿನವೇ ಹಾರ, ಶಾಲು, ಫೋಟೋ. ಕಡತ ನೋಡೋದು ಯಾವಾಗಲೋ. ಅಷ್ಟು ವರ್ಷದ ಸಂಘ ಇದ್ದೂ ಅವರಿಗೆ ಇನ್ನೂ ಒಂದು ನೋವಿದೆ. ಅಲ್ಲಿನ ಸರ್ಕಾರ 2018ರಲ್ಲಿ ಉದ್ಯೋಗಗಳ ಪಟ್ಟಿ ತಿದ್ದಿದಾಗಲೂ ಡಿಸ್ಪ್ಯಾಚರ್‌ಗಳನ್ನು ಆಫೀಸು, ಗುಮಾಸ್ತಗಿರಿಯ ಗುಂಪಿನಲ್ಲೇ ಉಳಿಸಿತು. ಪೊಲೀಸ್, ಅಗ್ನಿಶಾಮಕದವರು ಇರುವ ರಕ್ಷಣೆಯ ಗುಂಪಿಗೆ ಸೇರಿಸಿ ಅಂತ ಅವರು ಕೇಳ್ತಾನೇ ಇದ್ದಾರೆ. ನಮ್ಮನ್ನು ಊರಲ್ಲಿ ಏನಂತಾರೆ? "ಫೋನ್ ಎತ್ತೋರು."

ನಮ್ಮದು ಇನ್ನೂ ಸಿಕ್ಕು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ತುರ್ತು ನಂಬರ್ ಆದ 112 ದೇಶದಲ್ಲಿ ಮೊದಲು ಹಿಮಾಚಲ ಪ್ರದೇಶದಲ್ಲಿ 2018ರಲ್ಲಿ ಶುರುವಾಗಿ ಆಮೇಲೆ ನಮ್ಮಲ್ಲಿಗೆ ಬಂತು. 112ರ ಕರೆ ಬೆಂಗಳೂರಿನ ಕೇಂದ್ರಕ್ಕೆ ಹೋಗ್ತದೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಗಾಡಿಯಲ್ಲಿರುವ ಸಾಧನಕ್ಕೆ. ಗಡಿ ಹಳ್ಳಿಗಳ ಕರೆ ಒಮ್ಮೊಮ್ಮೆ ಆಚೆ ರಾಜ್ಯದ ಟವರ್ ಹಿಡಿದು ಆಚೆಗೇ ಹೋಗೋದೂ ಉಂಟು. ಈ ಸರಪಳಿಯಲ್ಲಿ ಪೊಲೀಸರಿದ್ದಾರೆ, ಗುತ್ತಿಗೆಯವರಿದ್ದಾರೆ, ನಮ್ಮಂಥ ಆಂಬುಲೆನ್ಸ್ ಡೆಸ್ಕಿನವರಿದ್ದಾರೆ. ಎಲ್ಲರೂ ಒಂದೇ ಸಂಘ ಆಗೋಣ ಅಂತ ವೇದಿಕೆ ಮೇಲೆ ಹೇಳೋದು ಸುಲಭ. ಪೊಲೀಸರ ಹಕ್ಕು ನಿರ್ಬಂಧಿಸುವ 1966ರ ಕಾಯ್ದೆಯ ಪ್ರಕಾರ ಅವರು ಅನುಮತಿ ಇಲ್ಲದೆ ಕಾರ್ಮಿಕ ಸಂಘ ಸೇರುವಂತಿಲ್ಲ. ಬರೀ ಆಟೋಟ, ಸಾಮಾಜಿಕ, ಧಾರ್ಮಿಕ ಸಂಘ ಆದರೆ ಮಾತ್ರ ಅಡ್ಡಿಯಿಲ್ಲ. ಸಂಬಳ, ಮೆಮೊ ಮಾತಾಡುವ ಸಂಘಕ್ಕೆ ಕಾನ್‌ಸ್ಟೇಬಲ್ ಒಬ್ಬರನ್ನು ಸುಮ್ನೆ ಸೇರಿಸಿಕೊಂಡರೆ ಕಷ್ಟ ಬರೋದು ಅವರಿಗೇ. ಈ ಮಾತನ್ನು ಇಬ್ಬರು ಅಭ್ಯರ್ಥಿಗಳೂ ಎತ್ತಲಿಲ್ಲ. ಸೊಸೈಟಿ ನೋಂದಣಿಗೆ ಕರ್ನಾಟಕದ 1960ರ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ಆದರೆ ಆ ಏಳು ಜನ ಯಾರು ಅನ್ನೋದನ್ನು ಮೊದಲೇ ನೋಡ್ಕೊಳ್ಳಬೇಕು.

ಇನ್ನು ವೋಟಿಂಗ್. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ತಿಂಡಿ ಸಮೇತ ಅಂತ ಗೊತ್ತು ಮಾಡಿದ್ದರು. ಆ ಹೊತ್ತಿಗೆ ರಾತ್ರಿ ಪಾಳಿಯವರು ನಿದ್ದೆಯಲ್ಲಿ, ಹಗಲು ಪಾಳಿಯವರು ಹೆಡ್‌ಸೆಟ್‌ನಲ್ಲಿ. ಬರುವವರು ರಜೆಯಲ್ಲಿದ್ದ ಮೂರು ಮತ್ತೊಬ್ಬರು, ಮತ್ತು ಇಡ್ಲಿ. ಪೆಟ್ಟಿಗೆಯನ್ನು ಪಾಳಿ ಬದಲಾಗುವ ಜಾಗದಲ್ಲೇ ಇಡಿ, ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ, ಎರಡು ದಿನ, ಅಂತ ಹೇಳಿದೆ. ಮಾತುಗಾರರು ತಕ್ಷಣ ಒಪ್ಪಿದರು. ಡ್ಯೂಟಿ ಪಟ್ಟಿಯವರು ತಮ್ಮ ಪಟ್ಟಿ ನೋಡಿ, "ಮೂರು ದಿನ ಬೇಕು, ವಾರದ ರಜೆಯವರು ತಪ್ಪಿಹೋಗ್ತಾರೆ" ಅಂದರು.

ಆ ಹುಡುಗಿ ಈಗಲೂ ನನ್ನ ಪಕ್ಕದ ಸೀಟಿನಲ್ಲೇ ಇದ್ದಾಳೆ. ಮೆಮೊಗೆ ಉತ್ತರ ಬರೆದು ಕೊಟ್ಟಿದ್ದಾಳೆ, ಒಂದೇ ಸಾಲು: "ರೈಸ್ ಮಿಲ್ ಸಿಗಲು ಏಳು ನಿಮಿಷ, ಮಗು ಬರಲು ಹನ್ನೆರಡು."